ಊರಿನ ಟಿಲ್ಟಿಂಗ್ ಗ್ರೈಂಡರ್ ನ್ಯೂಜೆರ್ಸಿಯ ಗ್ಯಾರೇಜಿನಲ್ಲಿ ತಿರುಗುವವರೆಗೆ

ಮೊದಲು ಮೋಟರಿನ ಮೇಲಿನ ತಗಡಿನ ಫಲಕವನ್ನು ಒರೆಸಿ ಓದಿಕೊಳ್ಳಿ. ಊರಿನಿಂದ ತಂದ, ಹಿಟ್ಟು ರುಬ್ಬುವ ನಮ್ಮ ಗ್ರೈಂಡರಿನದರಲ್ಲಿ ಇದ್ದದ್ದು ಇಷ್ಟು: 0.5 ಎಚ್‌ಪಿ, 230 ವೋಲ್ಟ್, 50 ಹರ್ಟ್ಸ್, ಸಿಂಗಲ್ ಫೇಸ್, 4 ಆಂಪಿಯರ್, 1440 ಆರ್‌ಪಿಎಂ. ಮುಂದಿನ ಐದು ತಿಂಗಳ ಕೆಲಸವೆಲ್ಲ ಈ ಒಂದು ಸಾಲಿನ ಸುತ್ತಲೇ ನಡೆಯಿತು. ಅಮೆರಿಕಕ್ಕೆ ಗ್ರೈಂಡರ್ ತರುವವರೆಲ್ಲ ವಿಚಾರಿಸುವುದು ವೋಲ್ಟೇಜ್ ಬಗ್ಗೆ. ವೋಲ್ಟೇಜಿಗೆ ದಾರಿ ಸುಲಭ, ಇಲ್ಲಿನ ಬಹುಪಾಲು ಮನೆಗಳ ಗೋಡೆಯೊಳಗೂ 240 ವೋಲ್ಟ್ ಇದೆ. ಕಾಡುವುದು ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತನ ಮುಗಿಸುತ್ತದೆ ಎಂಬ ಲೆಕ್ಕ: ಊರಲ್ಲಿ 50, ಇಲ್ಲಿ 60. ಅದನ್ನು ಯಾವ ಅಂಗಡಿಯ ಟ್ರಾನ್ಸ್‌ಫಾರ್ಮರೂ ಬದಲಿಸುವುದಿಲ್ಲ.

ಗ್ರೈಂಡರ್ 5 ಲೀಟರಿನದು, ಕೊಯಮತ್ತೂರಿನಲ್ಲಿ ತಯಾರಾದದ್ದು. ಕಲ್ಲು, ಗುಂಡು, ಸ್ಟ್ಯಾಂಡು, ಮೋಟರು ಎಲ್ಲ ಸೇರಿದರೆ ವಿಮಾನದ 23 ಕಿಲೋ ಮಿತಿಯಲ್ಲಿ ಹಿಡಿಯುವಂಥದ್ದಲ್ಲ. ಹಾಗಾಗಿ ಮನೆಸಾಮಾನಿನ ಜೊತೆ ಹಡಗಿಗೆ ಹಾಕಿದ್ದು, ಬಂದು ಮುಟ್ಟಲು ಸುಮಾರು ಮೂರು ತಿಂಗಳು. ಒಂದು ವರ್ಷಕ್ಕಿಂತ ಹೆಚ್ಚು ಬಳಸಿದ ಮನೆಸಾಮಾನಿಗೆ ಅಮೆರಿಕದ ಕಸ್ಟಮ್ಸ್ ಸುಂಕ ಇಲ್ಲ, ಆದ್ದರಿಂದ ಹಳೆಯ ಬಿಲ್ ಇದ್ದರೆ ಕಾಗದಗಳ ಜೊತೆ ಇಡಿ. ಮರದ ಪೆಟ್ಟಿಗೆ ಮಾಡಿಸುವುದಾದರೆ ಮರವನ್ನು ಕಾಯಿಸಿ ಸಂಸ್ಕರಿಸಿದ ಐಎಸ್‌ಪಿಎಂ-15 ಮುದ್ರೆ ಅದರ ಮೇಲೆ ಇರಲೇಬೇಕು, ಮುದ್ರೆಯಿಲ್ಲದ ಪೆಟ್ಟಿಗೆಯನ್ನು ಬಂದರಿನಲ್ಲೇ ತಡೆಯುತ್ತಾರೆ. ಇನ್ನೊಂದು, ಕಲ್ಲಿನ ಸಂದಿಯಲ್ಲಿ ಒಂದೇ ಒಂದು ಅಕ್ಕಿಕಾಳೂ ಉಳಿಯಬಾರದು. ಖಾಪ್ರಾ ಜೀರುಂಡೆಯ ಭಯದಿಂದ ಭಾರತದ ಅಕ್ಕಿಯನ್ನು ಸಾಮಾನಿನ ಜೊತೆ ಒಳಗೆ ಬಿಡುವುದಿಲ್ಲ. ಕಲ್ಲನ್ನು ಬ್ರಷ್ ಹಾಕಿ ತಿಕ್ಕಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ, ಆಮೇಲೆ ಕಟ್ಟಿಸಿ.

ಹಡಗು ದಾರಿಯಲ್ಲಿದ್ದಾಗ ಇಲ್ಲಿನ ಕರೆಂಟಿನ ಲೆಕ್ಕ ಹಾಕಲು ಸಮಯ ಸಿಕ್ಕಿತು. ಊರಲ್ಲಿ ಮನೆಗೆ ಬರುವುದು ಒಂದು ಫೇಸ್, ಒಂದು ನ್ಯೂಟ್ರಲ್, ಎರಡರ ನಡುವೆ 230 ವೋಲ್ಟ್. ಇಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರಿನ ಸುರುಳಿಯ ಎರಡು ತುದಿಗಳೂ ಮನೆಗೆ ಬರುತ್ತವೆ, ನಟ್ಟನಡುವಿನಿಂದ ಹೊರಟ ತಂತಿ ನ್ಯೂಟ್ರಲ್. ಯಾವುದೇ ಒಂದು ತುದಿಯಿಂದ ನ್ಯೂಟ್ರಲ್‌ಗೆ 120, ತುದಿಯಿಂದ ತುದಿಗೆ 240. ಬಟ್ಟೆ ಒಣಗಿಸುವ ಡ್ರೈಯರ್, ಅಡುಗೆಯ ರೇಂಜ್, ಏಸಿ ಇವೆಲ್ಲ ನಡೆಯುವುದು ಆ 240ರಲ್ಲೇ. ಗ್ರೈಂಡರಿಗೂ ಅದನ್ನೇ ಕೊಟ್ಟರಾಯಿತು. ಆದರೆ ಅದಕ್ಕೆ ಹೋಗುವ ಎರಡೂ ತಂತಿಗಳಲ್ಲಿ ಕರೆಂಟ್ ಇರುತ್ತದೆ, ನ್ಯೂಟ್ರಲ್ ಅನ್ನುವುದು ಅಲ್ಲಿಲ್ಲ. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ, ಮುಂದೆ ಸ್ವಿಚ್ಚಿನ ವಿಷಯದಲ್ಲಿ ಮತ್ತೆ ಬರುತ್ತದೆ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಇಲ್ಲೇ ಒಂದು ನಿಮಿಷ ನಿಲ್ಲಬೇಕು. ದೊಡ್ಡ ಕಟ್ಟಡಗಳಿಗೆ ಬಹಳಷ್ಟು ಕಡೆ ಮೂರು ಫೇಸಿನ ಸರಬರಾಜು ಇರುತ್ತದೆ. ಅಲ್ಲಿ ಎರಡು ಹಾಟ್ ತಂತಿಗಳ (ಕರೆಂಟ್ ಇರುವ ತಂತಿಗೆ ಇಲ್ಲಿನ ಹೆಸರು) ನಡುವೆ ಸಿಗುವುದು 240 ಅಲ್ಲ, 208. 60 ಹರ್ಟ್ಸ್‌ನಲ್ಲಿ 208 ವೋಲ್ಟ್ ಕೊಟ್ಟರೆ ನಮ್ಮ ಮೋಟರಿನ ಎತ್ತುವ ಶಕ್ತಿ ಊರಿನಲ್ಲಿದ್ದದ್ದರ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ, ಕಲ್ಲಿನಲ್ಲಿ ಬೇಳೆ ಇದ್ದರೆ ಹುಂ ಅಂದು ನಿಂತುಬಿಡುತ್ತದೆ. ಡ್ರೈಯರಿನ ಪಾಯಿಂಟಿನಲ್ಲಿ ಮೊದಲು ವೋಲ್ಟೇಜ್ ಅಳೆಸಿ ನೋಡಿ, ಆಮೇಲೆ ಸಾಗಣೆಗೆ ಹಣ ಕಟ್ಟಿ.

ಮೂರು ದಾರಿಗಳನ್ನು ತೂಗಿ ನೋಡಿದ್ದಾಯಿತು. 120ರಿಂದ 240 ಮಾಡುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಒಂದು. 4 ಆಂಪಿಯರಿನ ಮೋಟರ್ ಶುರುವಾಗುವ ಗಳಿಗೆಯಲ್ಲಿ ಐದಾರು ಪಟ್ಟು ಎಳೆಯುತ್ತದೆ, 230ರ ಬದಿಯಲ್ಲಿ 20 ಆಂಪಿಯರ್ ಅಂದರೆ 120ರ ಬದಿಯಲ್ಲಿ 40. ಸಾಧಾರಣ 15 ಆಂಪಿಯರಿನ ಪಾಯಿಂಟಿಗೆ ಅದು ಹೊರೆ. ಮಿಕ್ಸಿಗಾದರೆ ಸರಿ, ಟಿಲ್ಟಿಂಗ್ ಗ್ರೈಂಡರಿಗೆ ಬೇಡ. ಎರಡನೆಯದು ಮೋಟರನ್ನೇ ತೆಗೆದು ಇಲ್ಲಿನ ಅರ್ಧ ಎಚ್‌ಪಿ, 1725 ಆರ್‌ಪಿಎಂ ಮೋಟರ್ ಕೂರಿಸುವುದು. ಅದು 120ರಲ್ಲೇ ಓಡುತ್ತದೆ, ಹೊಸ ವೈರಿಂಗ್ ಬೇಕಿಲ್ಲ. ಆದರೆ ಅದರ ಶಾಫ್ಟ್ 5/8 ಇಂಚು, ಬುಡದ ಬೋಲ್ಟಿನ ತೂತುಗಳ ಅಂತರವೂ ಬೇರೆ, ಸ್ಟ್ಯಾಂಡಿಗೆ ಹೊಸ ತಟ್ಟೆ ಬೆಸುಗೆ ಹಾಕಿಸಬೇಕು. ನಿಮ್ಮ ಮೋಟರ್ ಸುಟ್ಟಿದ್ದರೆ ಇದೇ ಸರಿಯಾದ ದಾರಿ. ನಮ್ಮದು ಚೆನ್ನಾಗಿತ್ತು. ಹಾಗಾಗಿ ಮೂರನೆಯದು, ಗ್ಯಾರೇಜಿಗೆ ಪ್ರತ್ಯೇಕ 240 ವೋಲ್ಟಿನ 20 ಆಂಪಿಯರ್ ಲೈನ್.

ಎರಡು ಬೇರೆ ಬೇರೆ 120 ಪಾಯಿಂಟುಗಳಿಗೆ ಎರಡು ಪ್ಲಗ್ ಹಾಕಿ ಒಂದೇ ವೈರಿನಲ್ಲಿ 240 ಮಾಡಿಕೊಳ್ಳುವ ಉಪಾಯವನ್ನು ಯಾರಾದರೂ ಹೇಳಿಯಾರು. ದಯವಿಟ್ಟು ಕೈ ಹಾಕಬೇಡಿ. ಒಂದು ಪ್ಲಗ್ ಕಿತ್ತು ಬಂದರೆ ಅದರ ಬರಿಯ ಕಡ್ಡಿಗಳಲ್ಲಿ ಗ್ರೈಂಡರಿನ ವೈಂಡಿಂಗ್ ಮೂಲಕ ಕರೆಂಟ್ ಬಂದು ನಿಂತಿರುತ್ತದೆ.

ನ್ಯೂಜೆರ್ಸಿಯಲ್ಲಿ ಸ್ವಂತದ, ತಾನೇ ವಾಸವಿರುವ ಒಂಟಿ ಮನೆಯಾದರೆ ಮಾಲೀಕರೇ ಅನುಮತಿ ಪಡೆದು ವೈರಿಂಗ್ ಮಾಡಬಹುದು. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಆಗುವುದಿಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ಟೌನ್‌ಶಿಪ್ ಕಚೇರಿಯಲ್ಲಿ ಒಂದು ಮುಖ್ಯ ಅರ್ಜಿ, ಅದರ ಜೊತೆ ಎಲೆಕ್ಟ್ರಿಕಲ್ ವಿಭಾಗದ ಹಾಳೆ. ಮೊದಲ ಸಲ ಅರ್ಜಿ ವಾಪಸ್ ಬಂತು, ಗ್ರೈಂಡರ್ ಎಂದು ಬರೆದದ್ದಕ್ಕೆ ಅದು ಯಾವ ಯಂತ್ರ, ಯುಎಲ್ ಎಂಬ ಇಲ್ಲಿನ ಸುರಕ್ಷತಾ ಮುದ್ರೆ ಇದೆಯೇ ಎಂಬ ಪ್ರಶ್ನೆ. ನಮ್ಮ ಐಎಸ್‌ಐ ಮುದ್ರೆ ಇಲ್ಲಿ ಲೆಕ್ಕಕ್ಕಿಲ್ಲ. ಅನುಮತಿ ಬೇಕಿರುವುದು ಪಾಯಿಂಟಿಗೆ, ಅದಕ್ಕೆ ಚುಚ್ಚುವ ಯಂತ್ರಕ್ಕಲ್ಲ. “ಗ್ಯಾರೇಜಿಗೆ ಒಂದು 240 ವೋಲ್ಟ್, 20 ಆಂಪಿಯರ್ ರಿಸೆಪ್ಟಕಲ್” ಎಂದು ಬರೆದು ಮತ್ತೆ ಕೊಟ್ಟಾಗ ಹದಿನಾರನೆಯ ದಿನ ಅನುಮತಿ ಕೈಗೆ ಬಂತು. ಯಂತ್ರವನ್ನು ನೇರ ಗೋಡೆಯ ವೈರಿಗೆ ಕಟ್ಟುವುದಾದರೆ ಮುದ್ರೆಯ ಪ್ರಶ್ನೆ ಮತ್ತೆ ಏಳುತ್ತದೆ, ಅದಕ್ಕೇ ಪ್ಲಗ್ ಇಡಿ. ಮುದ್ರೆಯಿಲ್ಲದ ಯಂತ್ರದ ಬಗ್ಗೆ ಮನೆಯ ವಿಮೆಯ ಕಾಗದದಲ್ಲಿ ಏನಿದೆ ಎಂಬುದನ್ನೂ ಓದಿಕೊಳ್ಳಿ. ಕೆನಡಾದ ಒಂಟಾರಿಯೋದಲ್ಲಿ ಇದೇ ಕೆಲಸಕ್ಕೆ ಇಎಸ್‌ಎ ಎಂಬ ಪ್ರಾಧಿಕಾರಕ್ಕೆ ತಿಳಿಸಬೇಕು.

ಮನೆಯ ಬ್ರೇಕರುಗಳೆಲ್ಲ ಕೂರುವ ಪ್ಯಾನೆಲಿನಲ್ಲಿ ಒಂದರ ಕೆಳಗೊಂದು ಎರಡು ಖಾಲಿ ಜಾಗ ಬೇಕು. ಒಂದೇ ಜಾಗದಲ್ಲಿ ಎರಡು ಸಣ್ಣ ಬ್ರೇಕರ್ ಇರುವ ಟ್ಯಾಂಡಮ್ ತಂದು ಹಾಕಿದರೆ ಎರಡೂ ಒಂದೇ ಹಾಟ್ ಮೇಲೆ ಕೂರುತ್ತವೆ, ಮೀಟರ್ ಇಟ್ಟರೆ ನಡುವೆ ಸೊನ್ನೆ ವೋಲ್ಟ್. ಅಕ್ಕಪಕ್ಕದ ಎರಡು ಜಾಗ ಹಿಡಿಯುವ ಡಬಲ್-ಪೋಲ್ ಬ್ರೇಕರಿಗೇ 240 ಸಿಗುವುದು. ಎನ್‌ಇಸಿ ಎಂಬ ಇಲ್ಲಿನ ವೈರಿಂಗ್ ನಿಯಮಾವಳಿಯ 2020ರ ಆವೃತ್ತಿಯ ಪ್ರಕಾರ ಗ್ಯಾರೇಜಿನ 240 ಪಾಯಿಂಟಿಗೂ ಜಿಎಫ್‌ಸಿಐ ರಕ್ಷಣೆ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ವ್ಯವಸ್ಥೆ ಬೇಕು, ಆದ್ದರಿಂದ 20 ಆಂಪಿಯರಿನ ಡಬಲ್-ಪೋಲ್ ಜಿಎಫ್‌ಸಿಐ ಬ್ರೇಕರ್. ಪ್ಯಾನೆಲಿನ ಬಾಗಿಲ ಒಳಗಿನ ಚೀಟಿಯಲ್ಲಿ ಯಾವ ಜಾತಿಯ ಬ್ರೇಕರ್ ಎಂದು ಬರೆದಿದೆಯೋ ಅದೇ ಆಗಬೇಕು. ಬೇರೆ ಕಂಪನಿಯದು ಕೂತಂತೆ ಕಂಡರೂ ಒಳಗಿನ ಹಿಡಿತ ಸಡಿಲವಾಗಿ ಕಾಲಕ್ರಮೇಣ ಸುಡುತ್ತದೆ. ಸರಿಯಾದದ್ದು ಅಂಗಡಿಯಲ್ಲಿ ಇರಲಿಲ್ಲ, ತರಿಸಲು ಒಂಬತ್ತು ದಿನ ಹಿಡಿಯಿತು.

ವೈರು 12/2 ಎನ್‌ಎಂ-ಬಿ, ಅಂದರೆ 12 ಗೇಜಿನ ಕಪ್ಪು, ಬಿಳಿ, ಜೊತೆಗೆ ಬರಿಯ ತಾಮ್ರದ ಅರ್ಥಿಂಗ್. ಗೋಡೆಯಲ್ಲಿ ನೆಮಾ 6-20 ಎಂಬ ಮಾದರಿಯ 240 ವೋಲ್ಟ್ ಪಾಯಿಂಟು. ಇದರ ಒಂದು ಸೀಳು ಟಿ ಆಕಾರದಲ್ಲಿರುತ್ತದೆ, 15 ಆಂಪಿಯರಿನ 6-15 ಪ್ಲಗ್ಗೂ ಇದಕ್ಕೆ ಹೋಗುತ್ತದೆ. ಮರದ ಕಂಬಗಳಲ್ಲಿ ತೂತು ಕೊರೆಯುವಾಗ ಅಂಚಿನಿಂದ ಒಂದೂಕಾಲು ಇಂಚು ಒಳಗಿರಬೇಕು, ಇಲ್ಲವಾದರೆ ಮೇಲೆ ಉಕ್ಕಿನ ತಗಡು ಹೊಡೆಯಬೇಕು. ವೈರನ್ನು ನಾಲ್ಕೂವರೆ ಅಡಿಗೊಂದರಂತೆ ಸ್ಟೇಪಲ್ ಮಾಡಿ, ಕ್ಲ್ಯಾಂಪ್ ಇಲ್ಲದ ಪ್ಲಾಸ್ಟಿಕ್ ಡಬ್ಬಿಯಾದರೆ ಡಬ್ಬಿಯಿಂದ 8 ಇಂಚಿನೊಳಗೆ ಒಂದು.

ಪ್ಯಾನೆಲ್ ತೆರೆಯುವ ಹೊತ್ತಿನಲ್ಲಿ ಮೇನ್ ಆಫ್ ಇರಲೇಬೇಕು. ಆಫ್ ಮಾಡಿದರೂ ಮೀಟರಿನಿಂದ ಬರುವ ದಪ್ಪ ತಂತಿಗಳು, ಅವು ಕೂತಿರುವ ಲಗ್ಗುಗಳು ಕರೆಂಟಿನಲ್ಲೇ ಇರುತ್ತವೆ. ಅವುಗಳನ್ನು ಕಂಡು ಕೈ ನಡುಗುವವರು ಈ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ, ಆಗ ಅನುಮತಿಯೂ ಅವರ ಹೆಸರಲ್ಲೇ ಆಗಬೇಕು. ಕಪ್ಪು ಒಂದು ಸ್ಕ್ರೂಗೆ, ಬಿಳಿ ಇನ್ನೊಂದಕ್ಕೆ, ಬರಿ ತಾಮ್ರ ಅರ್ಥಿಂಗ್ ಪಟ್ಟಿಗೆ. ಜಿಎಫ್‌ಸಿಐ ಬ್ರೇಕರಿಗೆ ತನ್ನದೇ ಒಂದು ಸುರುಳಿಯಾದ ಬಿಳಿ ಬಾಲ ಇರುತ್ತದೆ. ಪಾಯಿಂಟಿಗೆ ನ್ಯೂಟ್ರಲ್ ಬೇಡದಿದ್ದರೂ ಆ ಬಾಲವನ್ನು ನ್ಯೂಟ್ರಲ್ ಪಟ್ಟಿಗೆ ಕಟ್ಟಲೇಬೇಕು, ಬ್ರೇಕರಿನೊಳಗಿನ ಸರ್ಕ್ಯೂಟಿಗೆ ಅದು ಬೇಕು. ಸ್ಕ್ರೂಗಳನ್ನು ಬ್ರೇಕರಿನ ಮೇಲೆ ಬರೆದ ಅಳತೆಗೆ ಟಾರ್ಕ್ ಸ್ಕ್ರೂಡ್ರೈವರಿನಲ್ಲೇ ಬಿಗಿಯಿರಿ.

ಮೊದಲ ತಪಾಸಣೆ ಪಾಸಾಗಲಿಲ್ಲ. ಬಿಳಿ ತಂತಿ ಇಲ್ಲಿ ನ್ಯೂಟ್ರಲ್ ಕೆಲಸ ಮಾಡುತ್ತಿಲ್ಲ, ಹಾಟ್ ಆಗಿದೆ. ಹಾಗಾದಾಗ ಅದಕ್ಕೆ ಕಪ್ಪು ಇಲ್ಲವೇ ಕೆಂಪು ಟೇಪ್ ಸುತ್ತಬೇಕೆಂಬ ನಿಯಮ. ಪಾಯಿಂಟಿನ ಕಡೆ ಸುತ್ತಿತ್ತು, ಪ್ಯಾನೆಲಿನ ಕಡೆ ಬಿಟ್ಟುಹೋಗಿತ್ತು. ಎರಡು ಇಂಚು ಟೇಪಿಗಾಗಿ ಇನ್ನೊಂದು ವಾರ ಕಾಯಬೇಕಾಯಿತು. ಬೇಸರವೇನೋ ಆಯಿತು, ಆದರೆ ಆ ಇನ್‌ಸ್ಪೆಕ್ಟರ್ ಕೇಳಿದ್ದು ನ್ಯಾಯ. ನಾಳೆ ಪ್ಯಾನೆಲ್ ತೆರೆಯುವವನು ಬಿಳಿಯನ್ನು ನಂಬಿ ಮುಟ್ಟಿದರೆ 120 ವೋಲ್ಟ್. ಎರಡನೆಯ ಸಲ ಎಲ್ಲ ಸರಿ. ಮೀಟರಿನಲ್ಲಿ ಹಾಟ್‌ನಿಂದ ಹಾಟ್‌ಗೆ 243, ಒಂದೊಂದರಿಂದ ಅರ್ಥಿಂಗ್‌ಗೆ 121, 122.

ಇನ್ನು ಗ್ರೈಂಡರ್ ಕಡೆಯ ಕೆಲಸ. ಊರಿನ ಮೂರು ಪಿನ್ನಿನ ವೈರನ್ನು ಕತ್ತರಿಸಿ ತೆಗೆದುಬಿಡಿ. ಅದರಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಇಲ್ಲಿ ಕಪ್ಪೇ ಹಾಟ್. ಒಂದೇ ಬಣ್ಣಕ್ಕೆ ಎರಡು ದೇಶದಲ್ಲಿ ಎರಡು ಅರ್ಥ, ಎರಡೂ ಒಂದೇ ಯಂತ್ರದಲ್ಲಿ ಉಳಿದರೆ ಮುಂದೆ ಯಾರೋ ಒಬ್ಬರು ಮೋಸ ಹೋಗುತ್ತಾರೆ. ಎಸ್‌ಜೆಒಒಡಬ್ಲ್ಯೂ ಎಂಬ ರಬ್ಬರ್ ಹೊದಿಕೆಯ 14 ಗೇಜಿನ ಮೂರೆಳೆ ವೈರು, ತುದಿಗೆ 6-15 ಪ್ಲಗ್. ಕಪ್ಪು, ಬಿಳಿ ಎರಡೂ ಮೋಟರಿಗೆ, ಹಸಿರು ಮೋಟರಿನ ಮೈಗೆ, ಅಲ್ಲಿಂದ ಇನ್ನೊಂದು ತುಂಡು ಸ್ಟ್ಯಾಂಡಿಗೆ. ಬಣ್ಣ ಕೆರೆದು ಹೊಳೆಯುವ ಲೋಹ ಕಂಡಮೇಲೆ ಬೋಲ್ಟ್ ಹಾಕಿ. ಒದ್ದೆ ಕೈಯಲ್ಲಿ ಹಿಟ್ಟು ಎಳೆಯುವ ಯಂತ್ರ ಇದು, ಅರ್ಥಿಂಗಿನಲ್ಲಿ ರಾಜಿ ಮಾಡಿಕೊಳ್ಳಲೇಬಾರದು.

ಆಮೇಲೆ ಸ್ವಿಚ್ಚು. ಊರಿನ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ, ಅಲ್ಲಿ ಇನ್ನೊಂದು ನ್ಯೂಟ್ರಲ್ ಆದ್ದರಿಂದ ನಡೆಯುತ್ತಿತ್ತು. ಇಲ್ಲಿ ಅದೇ ಸ್ವಿಚ್ಚನ್ನು ಆಫ್ ಮಾಡಿದರೆ ಮೋಟರ್ ನಿಲ್ಲುತ್ತದೆ, ಆದರೆ ವೈಂಡಿಂಗಿನಲ್ಲಿ ಇನ್ನೊಂದು ಹಾಟ್‌ನ 120 ವೋಲ್ಟ್ ಹಾಗೇ ಕೂತಿರುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್-ಪೋಲ್, 20 ಆಂಪಿಯರ್, 250 ವೋಲ್ಟ್ ಸ್ವಿಚ್ಚು ಹಾಕಿ, ಮೇಲೆ ರಬ್ಬರ್ ಟೋಪಿ ಇರಲಿ. ಅಂದಹಾಗೆ, ಪ್ಲಗ್ಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಕಲ್ಲು ತಿರುಗುವ ದಿಕ್ಕು ಬದಲಾಗುವುದಿಲ್ಲ. ದಿಕ್ಕು ನಿರ್ಧಾರವಾಗುವುದು ಮೋಟರಿನೊಳಗೆ ಎರಡು ವೈಂಡಿಂಗುಗಳನ್ನು ಹೇಗೆ ಜೋಡಿಸಿದೆ ಎನ್ನುವುದರಿಂದ.

ಮೋಟರ್ ಶುರುವಾಗಲು ಒತ್ತು ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ತಿಂಗಳುಗಟ್ಟಲೆ ಸುಮ್ಮನಿದ್ದು ಒಣಗಿ ಉಬ್ಬಿತ್ತು. ಹಳೆಯದರ ಮೇಲೆ ಇದ್ದಷ್ಟೇ ಮೈಕ್ರೋಫ್ಯಾರಡ್ ತನ್ನಿ, ವೋಲ್ಟೇಜ್ ಮಾತ್ರ ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚಿನದಿರಲಿ. 72-88 ಎಂದು ಬರೆದ 330 ವೋಲ್ಟಿನದು ನಮ್ಮದಕ್ಕೆ ಹೊಂದಿತು. ಹಳೆಯದನ್ನು ಮುಟ್ಟುವ ಮೊದಲು ಎರಡು ತುದಿಗಳ ನಡುವೆ 15 ಕಿಲೋ ಓಮಿನ ರೆಸಿಸ್ಟರ್ ಕೆಲವು ಕ್ಷಣ ಹಿಡಿಯಿರಿ.

ಮೊದಲ ಸಲ ಸ್ವಿಚ್ ಹಾಕಿದಾಗ ಬ್ರೇಕರ್ ಟಪ್ ಅಂತ ಬಿತ್ತು. ಎರಡನೆಯ ಸಲವೂ ಅಷ್ಟೇ. ಇಷ್ಟು ಕಾದಮೇಲೆ ಮೋಟರೇ ಹೋಗಿದೆಯೇನೋ ಎಂಬ ಆತಂಕ. ಕಾರಣ ಬೇರೆ ಇತ್ತು. ಊರಿನ ಮನೆಗಳಲ್ಲಿ ಇದೇ ಕೆಲಸ ಮಾಡುವ ಆರ್‌ಸಿಸಿಬಿ ಬೀಳುವುದು 30 ಮಿಲಿಆಂಪಿಯರ್ ಸೋರಿದಾಗ, ಇಲ್ಲಿನ ಜಿಎಫ್‌ಸಿಐ 4ರಿಂದ 6ಕ್ಕೇ ಬೀಳುತ್ತದೆ. ವರ್ಷಗಟ್ಟಲೆ ಊರಲ್ಲಿ ತಕರಾರಿಲ್ಲದೆ ಓಡಿದ ಮೋಟರಿನ ಸಣ್ಣ ಸೋರಿಕೆ ಇಲ್ಲಿ ಬಯಲಾಗುತ್ತದೆ. ಪ್ಲಗ್ ಕಿತ್ತು, ಮೋಟರಿನ ಟರ್ಮಿನಲ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಒಂದು ಬೆರಳಿನಷ್ಟು ದಪ್ಪ ಹಳೆಯ ಅಕ್ಕಿಹಿಟ್ಟು. ಊರಲ್ಲಿ ಒಣಗಿ ಸುಣ್ಣದಂತಿದ್ದದ್ದು ಹಡಗಿನ ತೇವ ಕುಡಿದು ಮೆತ್ತಗಾಗಿ, ಟರ್ಮಿನಲ್ಲಿಗೂ ಮೋಟರಿನ ಮೈಗೂ ಅಂಟಿಕೊಂಡಿತ್ತು. ಮಲ್ಟಿಮೀಟರಿನಲ್ಲಿ ಅಳೆದರೆ 18 ಕಿಲೋ ಓಮ್. 120ನ್ನು 18 ಸಾವಿರದಿಂದ ಭಾಗಿಸಿದರೆ ಆರೂವರೆ ಮಿಲಿಆಂಪಿಯರ್ ಮೇಲೆ, ಬ್ರೇಕರ್ ಬಿದ್ದದ್ದು ಸರಿಯೇ. ಹಿಟ್ಟನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಡಬ್ಬಿಯ ಹತ್ತಿರ 60 ವ್ಯಾಟಿನ ಹಳೆಯ ಬಲ್ಬ್ ಇಟ್ಟು ಎರಡು ದಿನ ಒಣಗಿಸಿದ ಮೇಲೆ ಸೋರಿಕೆಯ ತಡೆ ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ 5 ಮೆಗಾ ಓಮ್ ದಾಟಿತು. 1 ಮೆಗಾ ಓಮಿಗಿಂತ ಕಡಿಮೆ ಇದ್ದರೆ ಇನ್ನೂ ಒಣಗಿಸಿ. ಬ್ರೇಕರ್ ಬೀಳುತ್ತದೆಂದು ಜಿಎಫ್‌ಸಿಐ ತೆಗೆದು ಸಾದಾ ಬ್ರೇಕರ್ ಹಾಕುವವರಿದ್ದಾರೆ. ಆ ಸೋರಿಕೆಯ ಮುಂದಿನ ದಾರಿ ಹಿಟ್ಟು ಎಳೆಯುವವರ ಕೈ.

ಮೋಟರ್ ತಿರುಗಿತು. ಉದ್ದಿನಬೇಳೆ ಹಾಕಿ ಹತ್ತು ನಿಮಿಷವಾಗುವಷ್ಟರಲ್ಲಿ ನಿಜವಾದ ತೊಂದರೆ ಕಣ್ಣಿಗೆ ಬಿತ್ತು. ನೊರೆಯುಕ್ಕಿದ ಹಿಟ್ಟು ಪಾತ್ರೆಯ ಗೋಡೆ ಹತ್ತಿ, ಅಂಚು ದಾಟಿ, ಗ್ಯಾರೇಜಿನ ಗೋಡೆಗೆ ಚುಕ್ಕೆಚುಕ್ಕೆಯಾಗಿ ಹಾರುತ್ತಿತ್ತು. ಮುಟ್ಟಿದರೆ ಬೆಚ್ಚಗೆ. 50 ಹರ್ಟ್ಸ್‌ನಲ್ಲಿ 1440 ಸುತ್ತುವ ಮೋಟರ್ 60ರಲ್ಲಿ 1725ರ ಹತ್ತಿರ ಸುತ್ತುತ್ತದೆ, ಕಲ್ಲೂ ಅಷ್ಟೇ ಪಾಲು ಜೋರು. ವೇಗ 1.2 ಪಟ್ಟಾದರೆ ಹೊರಕ್ಕೆ ಎಸೆಯುವ ಬಲ 1.44 ಪಟ್ಟು. ಬಿಸಿಯಾದ ಉದ್ದಿನ ಹಿಟ್ಟು ಚೆನ್ನಾಗಿ ಉಬ್ಬುವುದೂ ಇಲ್ಲ.

ಇನ್ನೊಂದು ಬದಿಯಲ್ಲಿ ಮೋಟರಿನ ಬಲ ಕುಗ್ಗಿರುತ್ತದೆ. ಬಲ ನಿಂತಿರುವುದು ವೋಲ್ಟ್ ಭಾಗಿಸು ಹರ್ಟ್ಸ್ ಎಂಬ ಲೆಕ್ಕದ ಮೇಲೆ: ಊರಲ್ಲಿ 230/50 ಅಂದರೆ 4.6, ಇಲ್ಲಿ 240/60 ಅಂದರೆ 4. ಎತ್ತುವ ಶಕ್ತಿ ಈ ಅಂಕಿಯ ವರ್ಗದಂತೆ ಬದಲಾಗುವುದರಿಂದ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ. ಇದರ ಜೊತೆ ಮೋಟರಿನೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚು ಸ್ಪ್ರಿಂಗಿನದು, ಅದಕ್ಕೆ ಹರ್ಟ್ಸ್ ಗೊತ್ತಾಗುವುದಿಲ್ಲ. ಊರಿನ ಲೆಕ್ಕದಂತೆ ಸುಮಾರು 1100 ಸುತ್ತಿಗೇ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸಿಬಿಡುತ್ತದೆ, ಅಲ್ಲಿಂದ 1725ರವರೆಗೆ ಮೋಟರ್ ತಾನೇ ಹತ್ತಬೇಕು. ಕಲ್ಲು ತುಂಬಿದ್ದರೆ ಹತ್ತಲಾರದೆ ಕೆಳಗಿಳಿದು, ಸ್ವಿಚ್ಚು ಮತ್ತೆ ಕೂಡಿ, ಮತ್ತೆ ಬಿಟ್ಟು, ಕಟಕಟ ಸದ್ದು ಕೇಳುತ್ತದೆ. ಆ ಸದ್ದು ಬಂದರೆ ತಕ್ಷಣ ಆಫ್ ಮಾಡಿ, ಕೆಪಾಸಿಟರ್ ಸುಡುವುದು ಆಗಲೇ.

ಎರಡೂ ತೊಂದರೆಗೆ ಮದ್ದು ಒಂದೇ, ಮೋಟರಿನ ಪುಲ್ಲಿಯನ್ನು ಚಿಕ್ಕದು ಮಾಡುವುದು. ಇದ್ದದ್ದು 3 ಇಂಚು, 1.2ರಿಂದ ಭಾಗಿಸಿದರೆ ಎರಡೂವರೆ. ಕಲ್ಲು ಊರಿನ ವೇಗಕ್ಕೆ ಬರುತ್ತದೆ, ಮೋಟರಿನ ಮೇಲಿನ ಎಳೆತವೂ ಆರರಲ್ಲೊಂದು ಪಾಲು ತಗ್ಗುತ್ತದೆ. ನಮ್ಮ ಶಾಫ್ಟ್ 19 ಮಿಲಿಮೀಟರ್. ಇಲ್ಲಿನ ಮುಕ್ಕಾಲು ಇಂಚಿನ ತೂತು 19.05, ಹೇಳಿ ಮಾಡಿಸಿದಂತೆ ಕೂತಿತು. ಆದರೆ ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು, ಅಂದರೆ ಚಾವಿ, ಕೂರಲಿಲ್ಲ. ಅದು ಕೂರುವ ತೋಡು ಶಾಫ್ಟಿನಲ್ಲಿ 6 ಮಿಲಿಮೀಟರ್, ಪುಲ್ಲಿಯಲ್ಲಿ 3/16 ಇಂಚು, ಅಂದರೆ 4.76. ಬರೀ ಸೆಟ್‌ಸ್ಕ್ರೂ ನಂಬಿದರೆ ತಿಂಗಳೊಳಗೆ ಜಾರಿ ಶಾಫ್ಟ್ ಕೆರೆಯುತ್ತದೆ. ಹತ್ತಿರದ ಲೇತ್ ಅಂಗಡಿಯಲ್ಲಿ ಕೆಳಗೆ 6, ಮೇಲೆ 4.76 ಇರುವ ಮೆಟ್ಟಿಲಿನಂಥ ಚಾವಿ ಮಾಡಿಸಬೇಕಾಯಿತು. ನಿಮ್ಮ ಶಾಫ್ಟ್ 14 ಮಿಲಿಮೀಟರಿನದಾದರೆ ಇಲ್ಲಿನ 9/16 ಇಂಚಿನ ತೂತು ಸಡಿಲವಾಗುತ್ತದೆ, ಊರಿನಿಂದಲೇ ಎರಡೂವರೆ ಇಂಚಿನ ಪುಲ್ಲಿ ತರಿಸಿ. ನಿಜ ಹೇಳಬೇಕೆಂದರೆ ಎಲ್ಲರೂ ಹೊರಡುವ ಮೊದಲೇ ತಂದುಕೊಳ್ಳುವುದು ಮೇಲು. ಚಿಕ್ಕ ಪುಲ್ಲಿಗೆ ಎ ಸೆಕ್ಷನ್ ಬೆಲ್ಟ್ ಬಳುಕುವುದು ಕಷ್ಟ. ಅದೇ ಅರ್ಧ ಇಂಚು ಅಗಲದ 4ಎಲ್ ಬೆಲ್ಟ್ ಮೆತ್ತಗಿರುತ್ತದೆ. ಉದ್ದ ಮುಕ್ಕಾಲು ಇಂಚಿನಷ್ಟು ಹೆಚ್ಚಾದಂತಾಗುತ್ತದೆ, ಮೋಟರಿನ ಬುಡದ ಉದ್ದ ತೂತಿನಲ್ಲಿ ಹಿಂದಕ್ಕೆ ಸರಿಸಿ ಬಿಗಿಯಿರಿ.

ಸಾಗಣೆ ಬಿಟ್ಟು ಇಲ್ಲಿ ಆದ ಖರ್ಚು, ಡಾಲರಿನಲ್ಲಿ: ಬ್ರೇಕರ್ 120, ವೈರು 55, ಪಾಯಿಂಟು ಮತ್ತು ಡಬ್ಬಿ 18, ಅನುಮತಿ 85, ಪ್ಲಗ್ಗು ಮತ್ತು ರಬ್ಬರ್ ವೈರು 40, ಸ್ವಿಚ್ಚು 22, ಕೆಪಾಸಿಟರ್ 15, ಪುಲ್ಲಿ ಬೆಲ್ಟು 29, ಚಾವಿಗೆ 40. ಒಟ್ಟು 424. ಎರಡು ಲೀಟರಿನ ಟೇಬಲ್ ಟಾಪ್ ಸಾಕೆನ್ನುವ ಮನೆಗೆ ಇಷ್ಟು ಮಾಡಬೇಕಿಲ್ಲ, 110 ವೋಲ್ಟ್, 60 ಹರ್ಟ್ಸಿಗೆಂದೇ ಮಾಡಿದವು ಇಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ. ಊರಿನ ಮಿಕ್ಸಿ ಇದ್ದರೆ ಪ್ಲಗ್ ಬದಲಿಸಿ ಇದೇ ಪಾಯಿಂಟಿನಲ್ಲಿ ನಡೆಸಬಹುದು. ಮಿಕ್ಸಿಯ ಬ್ರಷ್ ಇರುವ ಮೋಟರಿಗೆ ಹರ್ಟ್ಸಿನ ಹಂಗಿಲ್ಲ.

ರುಬ್ಬುವ ಕ್ರಮದಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಿ. ಕಲ್ಲಿಗೆ ಒಂದು ಲೋಟ ನೀರು ಮಾತ್ರ ಹಾಕಿ ಸ್ವಿಚ್ ಒತ್ತಿ, ವೇಗ ಹತ್ತಿ ಸದ್ದು ಒಂದೇ ಸಮ ಆದಮೇಲೆ ಬೇಳೆಯನ್ನು ಹಿಡಿಹಿಡಿಯಾಗಿ ಬಿಡಿ. ನಡುವೆ ನಿಲ್ಲಿಸಿದರೆ ತುಂಬಿದ ಕಲ್ಲಿನ ಮೇಲೆ ಮತ್ತೆ ಶುರು ಮಾಡಬೇಡಿ, ಅರ್ಧ ಹಿಟ್ಟು ತೆಗೆದು ಒತ್ತಿ. ಕ್ಲ್ಯಾಂಪ್ ಮೀಟರ್ ಇದ್ದರೆ ಒಂದು ತಂತಿಯನ್ನು ಮಾತ್ರ ಅದರ ಬಾಯಿಯೊಳಗೆ ಹಿಡಿದು ನೋಡಿ. ನಮ್ಮದು ಬರಿಗಲ್ಲಿನಲ್ಲಿ 2.2 ಆಂಪಿಯರ್, ಎರಡು ಕಿಲೋ ಅಕ್ಕಿ ತರಿಯಾಗುವ ಹೊತ್ತಿಗೆ 3.1. ಫಲಕದ 4 ದಾಟಿದರೆ ಬೆಲ್ಟ್ ಅತಿ ಬಿಗಿಯಾಗಿದೆಯೇ, ಹಿಟ್ಟಿಗೆ ನೀರು ಸಾಲದೇ ಎಂದು ಮೊದಲು ನೋಡಿ.